ಐಹೊಳೆಗೆ 45 ನಿಮಿಷ

ನವೆಂಬರ್ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ಅಕ್ಕನ ಮಗ ಮೊಬೈಲಿಗೆ ಒಂದು ಎಕ್ಸೆಲ್ ಹಾಳೆ ಕಳಿಸಿದ. ಅದನ್ನು ತೆರೆಯಲು ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಯಿತು. ತೆರೆದರೆ ಒಳಗೆಲ್ಲ ಹಸಿರು, ಹಳದಿ, ಗುಲಾಬಿ ಚೌಕಗಳು. ಅಂಗಡಿಯವನು ಗುಳೇದಗುಡ್ಡದ ಖಣಗಳನ್ನು ಗಾದಿಯ ಮೇಲೆ ಹರವಿದ ಹಾಗೆ. ಕ್ರಿಸ್‌ಮಸ್ ರಜೆಗೆ ಗಂಡ, ಹೆಂಡತಿ, ಎರಡು ಮಕ್ಕಳು ನಮ್ಮ ಕಡೆ ಬರುವವರು. ಡಿಸೆಂಬರ್ 25ಕ್ಕೆ ಇಳಿದು ಜನವರಿ 1ಕ್ಕೆ ಮರಳಿ ರೈಲು ಹತ್ತುವುದು. ನಡುವಿನ ದಿನಗಳಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಎಂಬುದೇ ಹಾಳೆಯ ವಿಷಯ. ಬಾದಾಮಿ ಗುಹೆಗಳು, 9ರಿಂದ 10.30. ಮ್ಯೂಸಿಯಂ, 20 ನಿಮಿಷ. ಪಟ್ಟದಕಲ್ಲು, 1 ಗಂಟೆ. ಐಹೊಳೆ, 45 ನಿಮಿಷ. ಬಫರ್, 15 ನಿಮಿಷ. ಕೆಳಗೆ ಒಂದು ಸಾಲು: ‘ಮಾಮಾ, ನೀವು ಲೋಕಲ್. ಚೆಕ್ ಮಾಡಿ ಹೇಳಿ.’

ನಾನು ಗಟ್ಟಿಯಾಗಿ ಓದುತ್ತಿದ್ದೆ. ಒಳಗಿನಿಂದ ನಮ್ಮಾಕೆ ಕೇಳಿದಳು. “ಬಫರ್ ಅಂದ್ರ ಯಾವ ಊರ್ರೀ? ಹುನಗುಂದ ಕಡೆ ಬರತೈತೇನು?”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಅಂಕಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಐಹೊಳೆಯಲ್ಲಿ ಗುಡಿಗಳು ನೂರಾ ಇಪ್ಪತ್ತಕ್ಕೂ ಮಿಕ್ಕಿವೆ. ನೂರಾ ಇಪ್ಪತ್ತೆಂದೇ ಹಿಡಿದು 45 ನಿಮಿಷವನ್ನು ಭಾಗಿಸಿದೆ. ಗುಡಿಗೆ ಇಪ್ಪತ್ತೆರಡೂವರೆ ಸೆಕೆಂಡು ಬಂತು. ಅದೂ ಒಂದರ ಶಿಖರದಿಂದ ಇನ್ನೊಂದರ ಶಿಖರಕ್ಕೆ ಹಾರಬೇಕು, ಚಪ್ಪಲಿ ಬಿಡುವ ಹಾಗಿಲ್ಲ. ಬಾದಾಮಿಯ ಮಂಗಗಳಿಗೆ ಮಾತ್ರ ಸಾಧ್ಯವಾದ ಪ್ರವಾಸ. ಲೆಕ್ಕವನ್ನು ಹಾಗೇ ಬರೆದು ಕಳಿಸಿದೆ. ಅವನು ನಗುವ ಮೂರು ಮುಖಗಳನ್ನು ಕಳಿಸಿದ. ಹಾಳೆಯಲ್ಲಿ ಐಹೊಳೆ 60 ನಿಮಿಷವಾಯಿತು. ಗುಡಿಗೆ ಅರ್ಧ ನಿಮಿಷ.

ಇದೆಲ್ಲ ಇರಲಿ. ಆ ಹಾಳೆಯಲ್ಲಿ ಹದಿನೇಳು ಹೆಸರುಗಳಿದ್ದವು. ಕಲಾದಗಿ ಇರಲಿಲ್ಲ.

ನಾವಿರುವುದು ಕಲಾದಗಿಯಲ್ಲಿ. ಬಾಗಲಕೋಟೆಯಿಂದ ಪಶ್ಚಿಮಕ್ಕೆ ಬಂದರೆ ಘಟಪ್ರಭೆಯ ದಂಡೆಯ ಊರು. ಬಸ್ಸಿನಲ್ಲಿ ಹಾದುಹೋಗುವವರಿಗೆ ಇದು ಚಿಕ್ಕು ಬುಟ್ಟಿಗಳ ಊರು; ಕಿಟಕಿಯಿಂದ ತಲೆ ಹೊರಗೆ ಹಾಕಿ “ಡಜನ್‌ಗೆ ಎಷ್ಟ?” ಎಂದು ಕೇಳುವಷ್ಟರಲ್ಲಿ ಮುಗಿದುಹೋಗುವ ಊರು. ಆದರೆ ಇಂಗ್ಲಿಷರ ಕಾಲದಲ್ಲಿ ನಾವು ಜಿಲ್ಲಾ ಕೇಂದ್ರದವರು. ಇವತ್ತಿನ ವಿಜಯಪುರ, ಬಾಗಲಕೋಟೆ ಸೀಮೆಯ ಬಹುಭಾಗವನ್ನು ಕಲಾದಗಿ ಜಿಲ್ಲೆ ಎಂದೇ ಕರೆಯುತ್ತಿದ್ದರು. ಇಲ್ಲಿ ದಂಡು ಇತ್ತು, ಕಲೆಕ್ಟರ್ ಇದ್ದ. 1885ರಲ್ಲಿ ಕಚೇರಿಗಳನ್ನು ಎಬ್ಬಿಸಿಕೊಂಡು ವಿಜಾಪುರಕ್ಕೆ ಹೋದರು. ಬಾಗಲಕೋಟೆ ಜಿಲ್ಲೆ ಆಗುವುದಕ್ಕೆ 1997ರವರೆಗೆ ಕಾಯಬೇಕಾಯಿತು, ಆಗಲೂ ಕಚೇರಿ ನಮ್ಮೂರಿಗೆ ಮರಳಲಿಲ್ಲ. ನೂರಾ ನಲವತ್ತು ವರ್ಷದ ಹಿಂದಿನ ವರ್ಗಾವಣೆಯ ಸಿಟ್ಟನ್ನು ಈಗಲೂ ಇಟ್ಟುಕೊಂಡಿರುವ ಮನುಷ್ಯ ಊರಲ್ಲಿ ನಾನೊಬ್ಬನೇ ಇರಬೇಕು.

ಒಂದು ಸಮಾಧಾನವಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಭಾಗದ ಕಲ್ಲು ಪರೀಕ್ಷಿಸುತ್ತ ತಿರುಗಾಡಿ, ಇಲ್ಲಿಯ ಪ್ರಾಚೀನ ಶಿಲಾಪದರಗಳಿಗೆ ನಮ್ಮೂರಿನ ಹೆಸರು ಕೊಟ್ಟ. ಕಚೇರಿ ಎತ್ತಿಕೊಂಡು ಹೋಗಬಹುದು, ಪದರ ಎತ್ತಿಕೊಂಡು ಹೋಗಲಾರರು. ಭೂವಿಜ್ಞಾನದ ಪುಸ್ತಕಗಳಲ್ಲಿ ಅವು ಈಗಲೂ ಕಲಾದಗಿ ಶಿಲೆಗಳೇ. ಬಾದಾಮಿಯ ಕೆಂಪು ಮರಳುಗಲ್ಲೂ ಅದೇ ಖಾತೆಗೆ ಜಮಾ ಆಗುತ್ತದೆ. ಅಂದಮೇಲೆ ಚಾಲುಕ್ಯರು ಕೊರೆದದ್ದು ಯಾರ ಕಲ್ಲು? ಇದನ್ನೂ ಬರೆದು ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಹಾಳೆಯ ನೆತ್ತಿಯಲ್ಲಿ ಹೊಸ ಚೌಕ ಮೂಡಿತು: ‘ಕಲಾದಗಿ, ಹೋಮ್ ಬೇಸ್, ಚಿಕ್ಕು.’ ಅಷ್ಟಾದರೂ ಆಯಿತಲ್ಲ.

ಅಕ್ಕನ ಮಗ ನನ್ನನ್ನು ಲೋಕಲ್ ಎಂದದ್ದು ತಪ್ಪಲ್ಲ. ಬಾದಾಮಿಗೆ ನಾನು ಕಡಿಮೆಯೆಂದರೂ ಇಪ್ಪತ್ತೈದು ಸಲ ಹೋಗಿದ್ದೇನೆ. ಆದರೆ ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ಪ್ರಾಮಾಣಿಕ ಉತ್ತರ ಒಂದೇ. ತಲೆಗಳನ್ನು.

ನಮ್ಮ ಕಡೆ ಶಾಲೆಯ ಪ್ರವಾಸದ ಹಂಗಾಮು ಡಿಸೆಂಬರ್. ಸುಗ್ಗಿಗೆ ಹೇಗೋ ಹಾಗೆ ಅದಕ್ಕೂ ಒಂದು ಹದವಿದೆ: ಮಳೆ ಮುಗಿದಿರಬೇಕು, ಪರೀಕ್ಷೆ ಹತ್ತಿರ ಬಂದಿರಬಾರದು, ಬಂಡೆ ಕಾಯುತ್ತಿರಬಾರದು. ಏಪ್ರಿಲ್‌ನಲ್ಲಿ ಬಾದಾಮಿಯ ಮೆಟ್ಟಿಲ ಮೇಲೆ ರೊಟ್ಟಿ ಬೇಯಿಸಬಹುದು. ಹಾಗಾಗಿ ಇಡೀ ಕರ್ನಾಟಕದ ಹೈಸ್ಕೂಲುಗಳು ಒಂದೇ ತಿಂಗಳಲ್ಲಿ ಅಲ್ಲಿ ಕೂಡುತ್ತವೆ. ಬೆಳಗಿನ ನಾಲ್ಕೂವರೆಗೆ ಶಾಲೆಯ ಮುಂದೆ ಕೆಂಪು ಬಸ್ಸು. ಅಪ್ಪಂದಿರ ಹೆಗಲ ಮೇಲೆ ಕಂಬಳಿ, ಮಕ್ಕಳ ತಲೆಗೆ ಕಿವಿ ಮುಚ್ಚುವ ಟೊಪ್ಪಿಗೆ, ಒಂದೊಂದು ಕೈಯಲ್ಲೂ ಒಂದೊಂದು ಗಂಟು. ಬಸ್ಸು ಹೊರಟು ಹತ್ತು ನಿಮಿಷಕ್ಕೆ ಗಂಟುಗಳು ಬಿಚ್ಚಿ ಒಳಗೆಲ್ಲ ಶೇಂಗಾ ಹಿಂಡಿಯ ವಾಸನೆ. ಇಪ್ಪತ್ತನೇ ನಿಮಿಷಕ್ಕೆ ಮೊದಲ ವಾಂತಿ.

ಪ್ರವಾಸದಲ್ಲಿ ಮಾಸ್ತರರ ಕೆಲಸವೂ ವಿಷಯವಾರು ಹಂಚಿಹೋಗಿರುತ್ತದೆ. ಇತಿಹಾಸದ ಮಾಸ್ತರರು ವಿವರಿಸುತ್ತಾರೆ. ಕನ್ನಡದ ಮಾಸ್ತರರು ಭಾವಪರವಶರಾಗುತ್ತಾರೆ. ಪಿ.ಟಿ. ಮಾಸ್ತರರು ಸೀಟಿ ಊದುತ್ತಾರೆ. ಗಣಿತದವನು ರೊಕ್ಕ ಮತ್ತು ತಲೆ ಎಣಿಸುತ್ತಾನೆ. ಇತಿಹಾಸದವರು ಮೂರನೆಯ ಗುಹೆಯ ಮುಂದೆ ನಿಂತು, ಮಂಗಳೇಶ ಈ ವಿಷ್ಣುಗುಡಿಯನ್ನು ಶಕವರ್ಷ 500ರ ಕಾರ್ತಿಕ ಹುಣ್ಣಿಮೆಯಂದು, ಎಂದರೆ ಕ್ರಿ.ಶ. 578ರಲ್ಲಿ, ದತ್ತಿ ಕೊಟ್ಟ ಎಂದು ಶಾಸನ ತೋರಿಸುವಾಗ ನಾನು ಮಕ್ಕಳ ಬೆನ್ನ ಹಿಂದೆ ನಿಂತು ‘ನಲವತ್ತೊಂದು, ನಲವತ್ತೆರಡು’ ಎನ್ನುತ್ತಿದ್ದೆ. ಈಗ ಅನಿಸುತ್ತದೆ, ಬಾದಾಮಿಗೆ ಚಳಿಗಾಲವೇ ಸರಿ ಎಂದು ಮೊದಲು ತೀರ್ಮಾನಿಸಿದವನು ಮಂಗಳೇಶನೇ ಇರಬೇಕು.

ಒಂದು ಡಿಸೆಂಬರಿನ ಮಾತು. ಕರೆದೊಯ್ದದ್ದು ಅರವತ್ತೆರಡು ಮಕ್ಕಳನ್ನು. ನಾಲ್ಕನೆಯ ಗುಹೆಯಿಂದ ಇಳಿದು ಎಣಿಸಿದರೆ ಅರವತ್ತೊಂದು. ಎದೆ ಧಸಕ್ ಎಂದಿತು. ಕೆಳಗೆ ಅಗಸ್ತ್ಯತೀರ್ಥದ ಹಸಿರು ನೀರು ಬೇರೆ ಕಾಣುತ್ತಿತ್ತು. ಇನ್ನೊಮ್ಮೆ ಎಣಿಸಿದೆ. ಅರವತ್ತೆರಡು! ದೇವರಿಗೆ ಕೈ ಮುಗಿಯುವಷ್ಟರಲ್ಲಿ ಆ ಅರವತ್ತೆರಡನೆಯವನು “ಸರ್, ನಾ ನಿಮ್ಮ ಸಾಲಿ ಅಲ್ರಿ” ಎಂದ. ಬೀದರ ಕಡೆಯ ಶಾಲೆಯವನು. ತನ್ನವರ ಸಾಲು ತಪ್ಪಿ, ಸಾಲು ಯಾವುದಾದರೇನು ಎಂದು ನಮ್ಮದರಲ್ಲಿ ನಿಂತಿದ್ದ. ಅಲ್ಲಿಗೆ ನಮಗೊಂದು ಕಡಿಮೆ, ಅವರಿಗೂ ಒಂದು ಕಡಿಮೆ. ಅವನ ಕೈ ಹಿಡಿದು ನಮ್ಮವನನ್ನು ಹುಡುಕುತ್ತ ಹೊಂಡದ ದಂಡೆಗೆ ಇಳಿದೆ. ಬಾದಾಮಿ ಗೊತ್ತಿದ್ದವರಿಗೆ ಆ ಸದ್ದು ಗೊತ್ತು: ಮೆಟ್ಟಿಲ ಸಾಲಿನಲ್ಲಿ ಹೆಂಗಸರು ಅರಿವೆ ಒಗೆಯುವಾಗ ಒಂದು ಪೆಟ್ಟು ಇಲ್ಲಿ, ಅದರದೇ ಇನ್ನೊಂದು ಪೆಟ್ಟು ಎದುರಿನ ಬಂಡೆಯಲ್ಲಿ. ನಮ್ಮ ಹುಡುಗ ಕೂತು ಅದನ್ನೇ ಕೇಳುತ್ತಿದ್ದ. ಒಗೆಯುತ್ತಿದ್ದ ಅವ್ವ ಯಾರೋ ಅವನ ಕೈಗೆ ಅರ್ಧ ರೊಟ್ಟಿ ಕೊಟ್ಟಿದ್ದಳು. ನನ್ನನ್ನು ಕಂಡು ಹೆದರಲೂ ಇಲ್ಲ. “ಸರ್, ಆ ಗುಡ್ಡ ತಡಾ ಮಾಡಿ ಬಡೀತೈತ್ರಿ, ಎಷ್ಟ ತಡಾ ಅಂತ ಎಣಸಾಕತ್ತಿದ್ನಿ” ಎಂದ. ಅವನಿಗೆ ಎರಡೇಟು ಹಾಕಿದ್ದು ಇವತ್ತಿಗೂ ಮನಸ್ಸಿನಲ್ಲಿದೆ. ಸದ್ದಿನ ವೇಗದ ಲೆಕ್ಕ ಕಲಿಸುವವನು ನಾನೇ ಆಗಿದ್ದೆ.

ಅದೇ ದಿನವೋ ಬೇರೆ ವರ್ಷವೋ, ಒಂದನೆಯ ಗುಹೆಯ ಪಕ್ಕದ ನಟರಾಜನ ಮುಂದೆ ಇತಿಹಾಸದ ಮಾಸ್ತರರು ಹದಿನೆಂಟು ಕೈಗಳು ಎಂದರು. ಒಬ್ಬ ಹುಡುಗಿ ಬೆರಳು ಮಡಚುತ್ತ ನಿಂತಿದ್ದಳು. “ಸರ್, ಹದಿನೇಳ ಅದಾವ್ರಿ” ಎಂದಳು. ಅವರು “ಗಣಿತದ ಸರ್‌ಗೆ ಕೇಳು” ಎಂದು ಮುಂದೆ ಹೋದರು. ನಾನು ಐವತ್ತನೆಯ ತಲೆಯಲ್ಲಿದ್ದೆ. ನಟರಾಜನ ಕಡೆ ಕಣ್ಣೆತ್ತದೆ “ಪುಸ್ತಕದಾಗ ಹದಿನೆಂಟ ಐತಿ, ಹದಿನೆಂಟು” ಎಂದೆ. ಗಣಿತದವನು ಆಡುವ ಮಾತಲ್ಲ ಅದು.

ಹಾಳೆಗೆ ಬರೋಣ. ಅದರಲ್ಲಿ ನಾನು ಹಿಡಿದ ಮೊದಲ ನಿಜವಾದ ತಪ್ಪು ಶುಕ್ರವಾರ. ಬಾದಾಮಿಯ ಮ್ಯೂಸಿಯಮ್ಮನ್ನು ಅವನು 26ಕ್ಕೆ ಹಾಕಿದ್ದ. ಅಂದು ಶುಕ್ರವಾರ, ಪುರಾತತ್ವ ಇಲಾಖೆಯ ಮ್ಯೂಸಿಯಮ್ಮುಗಳಿಗೆ ರಜೆ. ‘ಮಾಮಾ ಸೂಪರ್’ ಎಂದು ಬಂತು. ಆ ಹೊಗಳಿಕೆಯಿಂದ ತಲೆ ತಿರುಗಿ, ದೊಡ್ಡ ತಪ್ಪನ್ನೂ ತಿದ್ದಲು ಹೊರಟೆ. ಅವನು ಬರುವ ತಾರೀಖುಗಳೇ ತಪ್ಪಾಗಿದ್ದವು.

ನೋಡಿ, ನಮ್ಮ ಕಡೆಯ ಚಳಿಗಾಲದಲ್ಲಿ ಎರಡು ದಿನ ಮುಖ್ಯ. ಒಂದು ಎಳ್ಳಮಾವಾಸ್ಯೆ, ಇನ್ನೊಂದು ಬನದ ಹುಣ್ಣಿವೆ. ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಭಜ್ಜಿ, ಶೇಂಗಾ ಹೋಳಿಗಿ, ಕಡಬು ಎಲ್ಲ ಬುಟ್ಟಿ ತುಂಬಿ, ಎತ್ತಿನ ಕೊಂಬಿಗೆ ಗೊಂಡೆ ಕಟ್ಟಿ, ಬಂಡಿಯಲ್ಲಿ ಹೋಗಿ, ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಬೆಳೆದು ನಿಂತ ಬಿಳಿಜೋಳಕ್ಕೆ ಚರಗ ಚೆಲ್ಲಿ, ಆಮೇಲೆ ಎರಡೂ ಕೈಯಿಂದ ಊಟ. ಈ ಸಲ ಅದು ಡಿಸೆಂಬರ್ 19ಕ್ಕೆ ಬಂದಿತ್ತು. ಇವರು ಬರುವುದು 25ಕ್ಕೆ. ಬನದ ಹುಣ್ಣಿವೆಗೆ ಬನಶಂಕರಿಯ ತೇರು. ಅದು ಜನವರಿ 3ಕ್ಕೆ. ಇವರು ಹೊರಡುವುದು 1ಕ್ಕೆ. ಪಂಚಾಂಗ ಕೈಯಲ್ಲಿ ಹಿಡಿದು ಬೇಕೆಂದೇ ಹುಡುಕಿದರೂ ಎರಡನ್ನೂ ಇಷ್ಟು ಕರಾರುವಾಕ್ಕಾಗಿ ತಪ್ಪಿಸುವ ವಾರ ಸಿಗುತ್ತಿರಲಿಲ್ಲ.

ಎರಡೇ ದಿನ ಉಳಕೊಳ್ಳಿರೋ ಎಂದು ಫೋನು ಮಾಡಿದೆ. ಬನಶಂಕರಿ ಜಾತ್ರೆಯನ್ನು ವರ್ಣಿಸಿದೆ. ಶಾಕಂಬರಿಗೆ ನೂರೆಂಟು ಪಲ್ಯದ ನೈವೇದ್ಯ. ಹರಿದ್ರಾತೀರ್ಥದ ದಂಡೆಗೆ ಬುಟ್ಟಿ ಹೊತ್ತು ಬಂದು ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಬಡಿಸುವ ಹೆಂಗಸರು. ತಿಂಗಳಗಟ್ಟಲೆ ಡೇರೆ ಹಾಕಿ ರಾತ್ರಿ ಎರಡೆರಡು ಆಟ ಆಡುವ ನಾಟಕ ಕಂಪನಿಗಳು. ಇದಿಷ್ಟು ಎಲ್ಲ ಜಾತ್ರೆಯಲ್ಲೂ ಇದ್ದೀತು. ಆದರೆ ಬಾಗಿಲು? ಬನಶಂಕರಿ ಜಾತ್ರೆಯಲ್ಲಿ ಬಡಿಗೇರರು ಹೊಸ ಬಾಗಿಲು, ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಮನೆ ಕಟ್ಟುವವರು ದೇವಿಗೆ ಕಾಯಿ ಒಡೆಸಿ, ನಾಟಕ ನೋಡಿ, ಬೆಳಗಿನ ಜಾವ ಟ್ರ್ಯಾಕ್ಟರಿಯಲ್ಲಿ ಬಾಗಿಲು ಹೇರಿಕೊಂಡು ಮರಳುತ್ತಾರೆ. ಬಯಲಲ್ಲಿ, ಗೋಡೆಯೇ ಇಲ್ಲದೆ, ಐವತ್ತು ಬಾಗಿಲುಗಳು ಮುಚ್ಚಿಕೊಂಡು ನಿಂತದ್ದನ್ನು ಮಕ್ಕಳು ನೋಡಬೇಡವೇ?

ಅವನು ಕೇಳಿಸಿಕೊಂಡ. “ಮಾಮಾ, 2ನೇ ತಾರೀಖು ರಿವ್ಯೂ ಇದೆ. ಜಾತ್ರೆ ಮುಂದಕ್ಕೆ ಹಾಕೋಕೆ ಆಗಲ್ವಾ?” ಎಂದ. ತಮಾಷೆಗೆ ಅಂದದ್ದು ಎಂದುಕೊಂಡಿದ್ದೇನೆ.

ಇತ್ತ ನಮ್ಮಾಕೆಯ ಪ್ಲಾನು ಬೇರೆಯೇ ನಡೆದಿತ್ತು. ಅದಕ್ಕೆ ಹಾಳೆ ಇಲ್ಲ, ಬಣ್ಣವಿಲ್ಲ, ಅದನ್ನು ಚೆಕ್ ಮಾಡುವ ಅಧಿಕಾರವೂ ಯಾರಿಗೂ ಇಲ್ಲ. ಅವಳ ನಕಾಶೆಯಲ್ಲಿ ಊರುಗಳಿರುವುದು ಗುಡಿಗಳಿಂದಲ್ಲ, ಸಂಬಂಧಿಕರಿಂದ. ಗುಳೇದಗುಡ್ಡ ಎಂದರೆ ಅವಳ ಅಕ್ಕ. ಅಮೀನಗಡ ಎಂದರೆ ಚಿಕ್ಕಪ್ಪನ ಮಗ ಮತ್ತು ಕರದಂಟು. ಹುನಗುಂದ ಎಂದರೆ ಬೀಗರು. ಪಟ್ಟದಕಲ್ಲಿನಲ್ಲಿ ನಮಗೆ ಯಾರೂ ಇಲ್ಲ, ಆದ್ದರಿಂದ ಅಲ್ಲಿ ಒಂದು ಗಂಟೆ ನಿಲ್ಲಬಹುದು. ಉಳಿದ ಕಡೆ ನಿಲ್ಲುವುದು ಹೇಗೆ?

“ಗುಳೇದಗುಡ್ಡದ ಮ್ಯಾಲ ಹಾದು ಅಕ್ಕನ ಮನಿಗೆ ಹೋಗಲಿಲ್ಲ ಅಂದ್ರ ನಾಳೆ ಆಕಿ ಮುಖ ಹೆಂಗ ನೋಡ್ಲಿ?”

“ಹಾದು ಹೋಗಿದ್ದು ಆಕಿಗೆ ಗೊತ್ತ ಹೆಂಗ ಆಗತೈತಿ?”

ಈ ಪ್ರಶ್ನೆಗೆ ಅವಳು ಉತ್ತರ ಕೊಡಲಿಲ್ಲ, ಸುಮ್ಮನೆ ನೋಡಿದಳು. ನಮ್ಮ ಸೀಮೆಯಲ್ಲಿ ಬಾಡಿಗೆ ಕಾರಿನ ಡ್ರೈವರ್ ಯಾರದೋ ಅಳಿಯ ಆಗಿರುತ್ತಾನೆ. ಚಹಾದಂಗಡಿಯವನು ಅಕ್ಕನ ಓಣಿಯವನು. ಹೋದರೆ ‘ಒಂದು ಕಪ್ ಚಹಾ’ ಮಾತ್ರ ಎಂದು ಮೊದಲೇ ಹೇಳಿಟ್ಟರೂ ಚಹಾ ಬರುವುದು ಕೊನೆಗೆ. ಅದರ ಮುಂದೆ ಸೂಸಲ, ಮಿರ್ಚಿ, ಬಾಳೆಹಣ್ಣು; ಆಮೇಲೆ ಉಡಿ ತುಂಬುವುದು, ಮಕ್ಕಳ ಕೈಗೆ ನೂರರ ನೋಟು, ‘ಬ್ಯಾಡ’ ‘ತಗೋ’ಗಳ ಐದು ಸುತ್ತು. ಕೊನೆಗೆ ನಾನು ವಿವರಿಸಿದೆ, ಪ್ರತಿ ದಿನಕ್ಕೂ ಹದಿನೈದು ನಿಮಿಷ ಬಫರ್ ಇದೆ, ಅದರಲ್ಲೇ ಕೂಡಿಸಬೇಕು ಎಂದು. ಅವಳಿಗೆ ಪಕ್ಕನೆ ಹೊಳೆಯಿತು. “ಹಂಗಾರ ಬಫರ್ ಅಂದ್ರ ಅಕ್ಕನ ಮನಿ ಅನ್ರಿ!”

ಇಳಕಲ್ಲಿಗೆ ಹಾಳೆಯಲ್ಲಿ ಅರ್ಧ ಗಂಟೆ ಇತ್ತು, ‘ಸೀರೆ, ಶಾಪಿಂಗ್’ ಎಂದು. ಅದನ್ನು ಕೇಳಿ ಅವಳು ನಕ್ಕದ್ದು ನಾನು ಐಹೊಳೆಯ ಲೆಕ್ಕಕ್ಕೆ ನಕ್ಕದ್ದಕ್ಕಿಂತ ಜೋರು. ಒಳಗೆ ಹೋಗಿ ಟ್ರಂಕು ತೆಗೆದು ನಮ್ಮವ್ವನ ಸೀರೆ ತಂದಳು. ಕರಿಗಿಂತ ಒಂದು ಕೂದಲು ಕಡಿಮೆ ಕಪ್ಪು, ಅಗಲ ದಡಿ, ಕೆಂಪಿನಲ್ಲಿ ಬಿಳಿಯ ಗೋಪುರಗಳೆದ್ದ ತೋಪು ತೆನಿ ಸೆರಗು. ಒಡಲು ಹತ್ತಿ, ಸೆರಗು ರೇಷ್ಮೆ. ಎರಡೂ ಕೂಡುವಲ್ಲಿ ಬೆರಳಾಡಿಸಿ “ಇಲ್ಲಿ ನೋಡ್ರಿ” ಎಂದಳು. ಕನ್ನಡಕ ಏರಿಸಿ ನೋಡಿದೆ. ಹೊಲಿಗೆ ಇಲ್ಲ. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಹಾಸಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಸೇರಿಸಿದ್ದಾರೆ. ಬೆರಳಿಗೆ ಒಂದು ಸಣ್ಣ ಏಣು ತಾಗುತ್ತದೆ, ಹಳೆಯ ಗಾಯ ಮಾಯ್ದ ಗುರುತಿನ ಹಾಗೆ. ಎಷ್ಟು ಎಳೆಗಳಿರಬಹುದು ಎಂದು ನಾನು ಎಣಿಸಲು ಶುರು ಮಾಡಿದ್ದನ್ನು ಕಂಡು ಸೀರೆ ಮಡಿಸಿದಳು. “ಇಂಥಾದು ಕೊಳ್ಳಾಕ ಅರ್ಧ ತಾಸಿನ್ಯಾಗ ಆಗತೈತೇನು? ದಡಿ ನೋಡಬೇಕು, ಸೆರಗ ನೋಡಬೇಕು, ಹೊರಗ ಬಿಸಲಿಗೆ ಹಿಡದ ನೋಡಬೇಕು, ಒಂದ ಅಂಗಡ್ಯಾಗ ನೋಡಿ ಇನ್ನೊಂದಕ್ಕ ಹೋಗಿ ಮತ್ತ ಮೊದಲಿಂದಕ್ಕ ಬರಬೇಕು.” ಇಳಕಲ್ಲಿಗೆ ಪೂರಾ ಒಂದು ದಿನ ಮಂಜೂರಾಯಿತು. ಹಾಳೆಯಲ್ಲಿ ಆ ದಿನಕ್ಕೆ ಗೊತ್ತುಮಾಡಿದ್ದ ಆಲಮಟ್ಟಿ ಅಳಿಸಿಹೋಯಿತು. ಹಿನ್ನೀರಿಗೆ ದೂರದೇಶದಿಂದ ಹಕ್ಕಿಗಳು ಬಂದು ಇಳಿದಿರುತ್ತವೆ ಎಂದು ನಾನು ಅಂದೆ. ಅವು ಮುಂದಿನ ವರ್ಷವೂ ಬರುತ್ತವೆ ಎಂದಳು.

ಹೀಗೆ ಎರಡು ಪ್ಲಾನುಗಳು ಕಾದಾಡುತ್ತಿದ್ದಾಗ ನನಗೂ ನನ್ನದೇ ಎಂಬ ಒಂದು ಆಸೆ ಮೂಡಿತು. ಪ್ರವಾಸಿಯಾಗಿ ನನಗೆ ಮೇಗುತಿಗೆ ಹೋಗಬೇಕು. ಐಹೊಳೆಯ ಗುಡ್ಡದ ಮೇಲಿನ ಆ ಬಸದಿಗೆ ಶಾಲೆಯ ಮಕ್ಕಳನ್ನು ಹತ್ತಿಸುವ ಧೈರ್ಯ ಎಂದೂ ಆಗಿರಲಿಲ್ಲ, ಎಣಿಸಿದ ತಲೆಗಳು ಗುಡ್ಡದ ಮೇಲೆ ಚದುರಿಹೋಗುತ್ತಿದ್ದವು. ಅಲ್ಲಿ ರವಿಕೀರ್ತಿಯ ಶಾಸನವಿದೆ, 634ರದು. ಇಮ್ಮಡಿ ಪುಲಕೇಶಿಯನ್ನು ಹೊಗಳಿ ಹೊಗಳಿ, ಕೊನೆಗೆ ಕವಿ ತನ್ನ ಬಗ್ಗೆಯೂ ಒಂದು ಮಾತು ಸೇರಿಸಿದ್ದಾನೆ: ತಾನು ಕಾಳಿದಾಸ, ಭಾರವಿಯರಿಗೆ ಸಮನಾದ ಕೀರ್ತಿ ಪಡೆದವನು ಎಂದು. ರಾಜನ ಖರ್ಚಿನಲ್ಲಿ ಸ್ವಂತ ಜಾಹೀರಾತು. ಆದರೆ ಅದೇ ಜಂಬದಿಂದ ವಿದ್ವಾಂಸರಿಗೆ ದೊಡ್ಡ ಉಪಕಾರವಾಯಿತು. ಕಾಳಿದಾಸ ಯಾವ ಕಾಲದವನೆಂದು ತಲೆ ಕೆರೆದುಕೊಳ್ಳುತ್ತಿದ್ದವರಿಗೆ, 634ಕ್ಕಿಂತ ಈಚೆಗೆ ತರುವ ಹಾಗಿಲ್ಲ ಎಂಬ ಗೆರೆ ಸಿಕ್ಕಿತು. ಉಜ್ಜಯಿನಿಯ ಕವಿಗೆ ವಯಸ್ಸಿನ ದಾಖಲೆ ಕೊಟ್ಟದ್ದು ಹುನಗುಂದ ತಾಲ್ಲೂಕಿನ ಗುಡ್ಡ. ನಮ್ಮಲ್ಲಿ ಎಷ್ಟೋ ಮಂದಿಗೆ ಶಾಲೆಯ ದಾಖಲಾತಿಯಲ್ಲಿ ಹೆಡ್‌ಮಾಸ್ತರರು ಜೂನ್ 1 ಎಂದು ಬರೆದು ವಯಸ್ಸು ಕೊಟ್ಟ ಹಾಗೆಯೇ ಇದು.

ಅಕ್ಕನ ಮಗನ ಹೆಂಡತಿ ಓದಿಕೊಂಡು ಬರುವ ಸ್ವಭಾವದವಳು. ಫೋನಿನಲ್ಲಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಲಾಡಖಾನ್ ಯಾವ ಚಾಲುಕ್ಯ ರಾಜ? ರಾಜನಲ್ಲಮ್ಮ, ಆ ಗುಡಿಯಲ್ಲಿ ಒಂದು ಕಾಲಕ್ಕೆ ಬಿಡಾರ ಮಾಡಿದ್ದ ಮನುಷ್ಯ, ಬಿಡಾರದ ಹೆಸರೇ ಗುಡಿಗೆ ನಿಂತಿತು. ದುರ್ಗಗುಡಿಯಲ್ಲಿ ದುರ್ಗೆಗೆ ಉಡಿ ತುಂಬಬಹುದಾ? ಅದು ದೇವಿಯ ದುರ್ಗವಲ್ಲ, ಕೋಟೆಯ ದುರ್ಗ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ರಾಣಿ ಎಂಬುದು ನಿಜವಾ? ನಿಜ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಪಕ್ಕದ ಮಲ್ಲಿಕಾರ್ಜುನನನ್ನು ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಇದನ್ನು ಕೇಳಿಸಿಕೊಳ್ಳುತ್ತಿದ್ದ ನಮ್ಮಾಕೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. “ಅಕ್ಕ ಕಟ್ಟಿಸಿದ್ಲು ಅಂತ ತಂಗೀನೂ ಕಟ್ಟಿಸಿರಬೇಕು, ಅದರ ಬಾಜೂಕಽ” ಎಂದಳು. ಇತಿಹಾಸದ ಮಾಸ್ತರರು ಇಪ್ಪತ್ತೈದು ಸಲದಲ್ಲಿ ಒಮ್ಮೆಯೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಪಟ್ಟದಕಲ್ಲಿಗೆ ಇನ್ನೊಂದು ಗಂಟೆ ಅವಳೇ ಕೂಡಿಸಿದಳು.

ಡಿಸೆಂಬರ್ 23, 24 ಪೂರ್ತಿ ರೊಟ್ಟಿ. ದಿನಾ ಗ್ಯಾಸಿನ ಮೇಲೆ ಬೇಯಿಸುವವಳು ಇದಕ್ಕೆಂದು ಹಿತ್ತಲಲ್ಲಿ ಕಟ್ಟಿಗೆ ಒಲೆ ಹೂಡಿದಳು. ಬಿಸಿನೀರಿಗೆ ಬಿದ್ದ ಜೋಳದ ಹಿಟ್ಟನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ನಾದಿ, ಮುದ್ದೆ ಕಟ್ಟಿ, ಬಡಿಯುವ ಸದ್ದು ಬೆಳಗಿನಿಂದ. ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ, ಕೈ ಬರೀ ತಾಳ ಹಾಕಿದ ಹಾಗೆ ಕಾಣುತ್ತದೆ. ಹಂಚಿನ ಮೇಲೆ ಬಿದ್ದೊಡನೆ ಹಸಿ ಅರಿವೆಯಿಂದ ನೀರು ಸವರಿ, ಮಗುಚಿ, ಬೆಂದದ್ದನ್ನು ಒಲೆಯ ಗೋಡೆಗೆ ಆನಿಸಿ ನಿಲ್ಲಿಸಿದರೆ ಕಟಿರೊಟ್ಟಿ. ಸಜ್ಜಿಯ ರೊಟ್ಟಿಗೆ ಮೇಲೆ ಎಳ್ಳು. ಎಳ್ಳಮಾವಾಸ್ಯೆ ತಪ್ಪಿದವರಿಗೆ ಅದರದಿಷ್ಟಾದರೂ ಸಿಗಲಿ ಎಂದು. ಎಷ್ಟು ಮಂದಿಗೆ ಎಷ್ಟು ದಿನಕ್ಕೆ ಎಷ್ಟು ಬೇಕು ಎಂದು ನಾನು ತ್ರೈರಾಶಿ ಹಾಕಿ ಹೇಳಹೋದೆ. ಬುಟ್ಟಿ ತುಂಬುವಷ್ಟು ಎಂದಳು. ಬುಟ್ಟಿ ಯಾವುದು ಎಂದು ಆಗ ನೋಡಿದೆ. ಮದುವೆಯ ಬುಟ್ಟಿ.

25ರ ಬೆಳಿಗ್ಗೆ ಅವರು ಇಳಿದರು. ಮಕ್ಕಳು ಥಂಡಿಗೆ ಕೌದಿಯೊಳಗೆ ಹೊಕ್ಕವು ಮಧ್ಯಾಹ್ನದವರೆಗೆ ಹೊರಬರಲಿಲ್ಲ. ಕೌದಿಯ ಒಂದೊಂದು ತುಂಡೂ ಯಾರ ಸೀರೆ, ಯಾರ ಅಂಗಿ ಎಂದು ನಮ್ಮಾಕೆ ಹೇಳುತ್ತ ಕೂತಳು. ಸಂಜೆ ಚಿಕ್ಕು ತೋಟಕ್ಕೆ ಹೋದೆವು. ಹಾಳೆಯ ಪ್ರಕಾರ ಆ ಸಂಜೆ ಕೂಡಲಸಂಗಮದಲ್ಲಿ ಇರಬೇಕಿತ್ತು. ಅಕ್ಕನ ಮಗ ಒಂದೆರಡು ಸಲ ಮೊಬೈಲು ತೆಗೆದು ಹಾಳೆ ನೋಡಿದ, ಹಣ್ಣಿನ ಹಾಲು ಬೆರಳಿಗೆ ಅಂಟಿ ಪರದೆ ಸರಿಯಲಿಲ್ಲ, ಒಳಗಿಟ್ಟ.

26ರ ಬೆಳಿಗ್ಗೆ ಬಾದಾಮಿ. ಒಂಬತ್ತಕ್ಕೆ ಅಲ್ಲ, ಹತ್ತಕ್ಕೆ. ಹಾದಿಯಲ್ಲಿ ಬಫರ್ ಆಗಿತ್ತು. ಕಾರು ನಿಲ್ಲಿಸುವಲ್ಲಿ ಹನ್ನೆರಡು ಕೆಂಪು ಬಸ್ಸುಗಳು. ಮೆಟ್ಟಿಲ ತುಂಬ ನೀಲಿ, ಹಸಿರು, ಮಣ್ಣಿನ ಬಣ್ಣದ ಸಮವಸ್ತ್ರಗಳ ಸಾಲು, ಸೀಟಿ, ಮಂಗಗಳನ್ನು ಹೆದರಿಸುವ ಕೋಲು. ಅಕ್ಕನ ಮಗ ಫೋಟೊ ತೆಗೆಯಲು ಮೇಲೆ ಹೋದ, ಅವನ ಹೆಂಡತಿ ಶಾಸನ ಹುಡುಕುತ್ತ ಮೂರನೆಯ ಗುಹೆಗೆ, ಮಕ್ಕಳು ನಮ್ಮಾಕೆಯ ಸೆರಗು ಹಿಡಿದು ಮಂಗಗಳನ್ನು ನೋಡಲಿಕ್ಕೆ. ನಾನು ಒಬ್ಬನೇ ಉಳಿದೆ. ಕೈಯಲ್ಲಿ ರೊಕ್ಕದ ಚೀಲವಿಲ್ಲ, ಹೆಸರಿನ ಪಟ್ಟಿಯಿಲ್ಲ.

ಒಂದನೆಯ ಗುಹೆಯ ಪಕ್ಕಕ್ಕೆ ಹೋಗಿ ನಟರಾಜನ ಮುಂದೆ ನಿಂತೆ. ಕೈಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ. ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು ಎಂದು ನಿಶ್ಚಯಿಸಿ, ತೋರುಬೆರಳನ್ನು ಎದೆಯ ಮಟ್ಟದಲ್ಲೇ ಯಾರಿಗೂ ಕಾಣದ ಹಾಗೆ ಆಡಿಸುತ್ತ ಎಣಿಸಿದೆ. ಎಂಟು, ಒಂಬತ್ತು, ಹತ್ತು. ಹನ್ನೊಂದಕ್ಕೆ ಬಂದಿದ್ದೆ. ಹಿಂದಿನಿಂದ ಏದುಸಿರು ಬಿಡುತ್ತ ಒಬ್ಬ ಮಾಸ್ತರ ಬಂದ, ಎಳೆಯ ವಯಸ್ಸು, ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಪೆನ್ನು.

“ಸರ್, ಕೆಂಪ ಸ್ವೆಟರ್ ಹುಡುಗ ಒಬ್ಬಾಂವ ಈ ಕಡೆ ಬಂದ್ನೇನ್ರೀ?”

ಹೊಂಡದ ದಂಡೆಗೆ, ಅರಿವೆ ಒಗೆಯುವಲ್ಲಿ ನೋಡು ಎಂದು ಹೇಳಿ ಕಳಿಸಿದೆ. ಬಡಿಯಬೇಡ ಎಂದೂ ಕೂಗಿ ಹೇಳಿದೆ, ಕೇಳಿಸಿತೋ ಇಲ್ಲವೋ. ತಿರುಗಿ ನೋಡಿದರೆ ಎಣಿಸಿದ ಕೈ ಯಾವುದು, ಎಣಿಸದ್ದು ಯಾವುದು ತಿಳಿಯಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದೆ.